ಪಂಪ್ ಸರಿ ಇದೆ, ಆದರೂ ಏದುಸಿರು ಯಾಕೆ?

ನಮ್ಮ ದೊಡ್ಡಮ್ಮನ ಮನೆ ವಿರಾಜಪೇಟೆ ಕಡೆ. ಕೊಡಗಿನ ಬಹಳಷ್ಟು ಮನೆಗಳ ಹಾಗೆ ಕೆಳಗೆ ಗದ್ದೆ, ಮೇಲೆ ಮನೆ, ಸುತ್ತ ಕಾಫಿ ತೋಟ. ಗದ್ದೆಯಿಂದ ಮನೆಗೆ ಹತ್ತುವ ಆ ಏರನ್ನು ಅವರು ಜೀವಮಾನವಿಡೀ ಹತ್ತಿದ್ದಾರೆ. ಎರಡು ವರ್ಷದ ಹಿಂದೆ ಅದೇ ಏರಿನಲ್ಲಿ ಮೂರು ಕಡೆ ನಿಲ್ಲತೊಡಗಿದರು. ಕೇಳಿದರೆ "ವಯಸ್ಸಾಯ್ತಲ್ಲ ಮಗ" ಅಂದರು. ರಾತ್ರಿ ತಲೆಯಡಿ ಒಂದು ದಿಂಬು ಇದ್ದದ್ದು ಎರಡಾಯಿತು, ಆಮೇಲೆ ಮೂರಾಯಿತು. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಬೀಳುತ್ತಿತ್ತು.

ಪೇಟೆಯಲ್ಲಿ ಒಂದು ಕಡೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ವರದಿಯಲ್ಲಿ ಇ.ಎಫ್. 62% ಅಂತ ಇತ್ತು. "ಪಂಪಿಂಗ್ ಚೆನ್ನಾಗಿದೆ, ಹಾರ್ಟ್ ಪ್ರಾಬ್ಲಮ್ ಏನಿಲ್ಲ" ಅಂದರು. ಗ್ಯಾಸಿನ ಮಾತ್ರೆ ಕೊಟ್ಟು ಕಳಿಸಿದರು. ನಾವೂ ನಿರಾಳವಾದೆವು. ನಾಲ್ಕು ತಿಂಗಳಾದ ಮೇಲೆ, ಜುಲೈ ಮಳೆಯ ಒಂದು ರಾತ್ರಿ, ದೊಡ್ಡಮ್ಮ ಉಸಿರು ಕಟ್ಟಿದಂತಾಗಿ ಎದ್ದು ಕೂತರು. ಆ ಮಳೆಯಲ್ಲಿ ಮೈಸೂರಿಗೆ ಕರೆದುಕೊಂಡು ಹೋದದ್ದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಲ್ಲಿಯ ಡಾಕ್ಟರ್ ಹಳೆಯ ವರದಿಯನ್ನೇ ತಿರುಗಿಸಿ, ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟರು. 'ಡಯಾಸ್ಟಾಲಿಕ್ ಡಿಸ್‌ಫಂಕ್ಷನ್, ಗ್ರೇಡ್ 2.' "ಇವರ ಹಾರ್ಟ್ ಹಿಂಡೋದು ಸರಿ ಇದೆ. ತುಂಬಿಸಿಕೊಳ್ಳೋದು ಕಷ್ಟ ಆಗಿದೆ" ಅಂದರು. ಅಷ್ಟು ದಿನ ಆ ಸಾಲನ್ನು ನಮಗೆ ಯಾರೂ ಓದಿ ಹೇಳಿರಲಿಲ್ಲ.

ನಾನು ಡಾಕ್ಟರ್ ಅಲ್ಲ, ತೋಟ ನೋಡಿಕೊಳ್ಳುವವನು. ಆದರೆ ಆವತ್ತಿನಿಂದ ಈ ವಿಷಯ ಓದುತ್ತಾ, ಡಾಕ್ಟರುಗಳನ್ನು ಕೇಳುತ್ತಾ ಬಂದಿದ್ದೇನೆ. ಪಂಪು, ಪೈಪು, ಒತ್ತಡ ಅಂದರೆ ತೋಟದವರಿಗೆ ಹೊಸದಲ್ಲ. ಹಾಗಾಗಿ ಇದು ನಮ್ಮ ಊರಿನವರಿಗೆ ಬೇಗ ಅರ್ಥವಾಗಬೇಕಾದ ವಿಷಯ ಅಂತ ನನಗೆ ಅನಿಸಿದೆ.

ಮೊದಲು ಆ ಇ.ಎಫ್. ಅನ್ನುವ ಅಂಕಿಯನ್ನೇ ನೋಡೋಣ. ಪೂರ್ತಿ ಹೆಸರು ಇಜೆಕ್ಷನ್ ಫ್ರಾಕ್ಷನ್. ಹೃದಯದ ಎಡಗಡೆಯ ಕೆಳಗಿನ ಕೋಣೆ ಮೈಗೆಲ್ಲ ರಕ್ತ ಕಳಿಸುತ್ತದೆ. ಆ ಕೋಣೆಯಲ್ಲಿ ತುಂಬಿದ್ದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಯಿತು ಅನ್ನುವ ಲೆಕ್ಕ ಅದು. ಆರೋಗ್ಯವಂತರ ಕೋಣೆ ಸುಮಾರು 120 ಮಿಲಿಲೀಟರ್ ತುಂಬಿಕೊಂಡು 70 ಹೊರಗೆ ಹಾಕುತ್ತದೆ ಅಂದುಕೊಳ್ಳಿ. ಇ.ಎಫ್. 58%. ಈಗ ಇನ್ನೊಂದು ಹೃದಯ. ಅದರ ಗೋಡೆ ಬಿಗಿಯಾಗಿದೆ, ಹಿಗ್ಗುವುದಿಲ್ಲ, 85 ಮಾತ್ರ ತುಂಬಿಕೊಂಡಿತು. ಅದರಲ್ಲಿ 51 ಹೊರಗೆ ಹಾಕಿತು. ಇ.ಎಫ್. 60%. ಕಾಗದದ ಮೇಲೆ ಎರಡನೆಯದೇ ಮೇಲು! ನಿಮಿಷಕ್ಕೆ 75 ಬಡಿತದ ಲೆಕ್ಕದಲ್ಲಿ ಮೊದಲನೆಯದು ಐದು ಲೀಟರಿಗಿಂತ ಜಾಸ್ತಿ ಕಳಿಸಿದೆ, ಎರಡನೆಯದು ನಾಲ್ಕು ಲೀಟರನ್ನೂ ಮುಟ್ಟಿಲ್ಲ. ಶೇಕಡಾವಾರು ಲೆಕ್ಕ ಪಾಲನ್ನು ಹೇಳುತ್ತದೆ, ಅಳತೆಯನ್ನು ಹೇಳುವುದಿಲ್ಲ.

ಇದು ಲೆಕ್ಕ ತಿಳಿಯಲು ಮಾಡಿದ ಉದಾಹರಣೆ. ನಿಜ ಜೀವನದಲ್ಲಿ ಬಹಳ ಜನರಲ್ಲಿ ಇನ್ನೊಂದು ರೀತಿ ಆಗುತ್ತದೆ. ಬಿಗಿಯಾದ ಹೃದಯವೂ ಬೇಕಾದಷ್ಟು ತುಂಬಿಕೊಳ್ಳುತ್ತದೆ, ಆದರೆ ಅದಕ್ಕೆ ಹಿಂದಿನಿಂದ ಜಾಸ್ತಿ ಒತ್ತಡ ಬೇಕಾಗುತ್ತದೆ. ತೊಂದರೆಯ ಬೇರು ಇಲ್ಲಿದೆ.

ಫೆಬ್ರವರಿ-ಮಾರ್ಚಿನಲ್ಲಿ ರೊಬಸ್ಟಾ ಕಾಫಿಗೆ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾಕುತ್ತೇವಲ್ಲ, ಆಗ ನಮಗೆಲ್ಲ ಒಂದು ಅನುಭವ ಇದ್ದೇ ಇದೆ. ಇಂಜಿನ್ ಸರಿಯಾಗಿ ಓಡುತ್ತಿರುತ್ತದೆ, ಪಂಪಿನಲ್ಲಿ ಏನೂ ದೋಷ ಇಲ್ಲ. ಆದರೂ ಮೇಲಿನ ಜೆಟ್ಟಿನಲ್ಲಿ ನೀರು ಹಾರುವುದಿಲ್ಲ. ಕೆರೆಗೆ ಇಳಿದು ನೋಡಿದರೆ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿಗೆ ಎಲೆ, ಕೆಸರು ಕಟ್ಟಿರುತ್ತದೆ. ಒಳಗೆ ಬಾರದ ನೀರನ್ನು ಯಾವ ಪಂಪೂ ಮೇಲೆ ತಳ್ಳಲಾರದು. ಹೃದಯದ್ದೂ ಇದೇ ನಿಯಮ. ಒಂದು ವ್ಯತ್ಯಾಸ ಇದೆ. ನಮ್ಮ ಪಂಪ್ ಕೆರೆಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಹೃದಯಕ್ಕೆ ಬಹುಪಾಲು ರಕ್ತ ಹಿಂದಿನ ಒತ್ತಡದಿಂದ ಹರಿದು ಬರುತ್ತದೆ, ಎಳೆತ ಸ್ವಲ್ಪವೇ.

ಆ ಹಿಂದಿನ ಒತ್ತಡ ಎಷ್ಟು ಕಡಿಮೆ ಅಂತ ತಿಳಿದಾಗ ನನಗೆ ಆಶ್ಚರ್ಯವಾಯಿತು. ಹೃದಯ ಹಿಂಡುವಾಗ ಎಡಕೋಣೆಯ ಒತ್ತಡ 120 ಮಿಲಿಮೀಟರ್ ಪಾದರಸದವರೆಗೆ ಏರುತ್ತದೆ. ನೀರಿನ ಲೆಕ್ಕದಲ್ಲಿ ಹೇಳಿದರೆ ಐದೂಕಾಲು ಅಡಿಗಿಂತ ಎತ್ತರದ ನೀರಿನ ಕಂಬ. ಹಿಂಡಿ ಮುಗಿದ ಕೂಡಲೇ ಅದು ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಆಗ ಶ್ವಾಸಕೋಶದ ಕಡೆಯಿಂದ ರಕ್ತವನ್ನು ಒಳಗೆ ತಳ್ಳುವ ಒತ್ತಡ ಹತ್ತು ಮಿಲಿಮೀಟರಿನ ಆಸುಪಾಸು. ಅಂದರೆ ಅರ್ಧ ಅಡಿಗೂ ಕಡಿಮೆ ನೀರು. ಅಷ್ಟು ಸಣ್ಣ ತಳ್ಳುವಿಕೆಗೆ ಕೋಣೆ ಹಿಗ್ಗಿ ಜಾಗ ಕೊಡಬೇಕು. ಸಮಯವೂ ಕಡಿಮೆ. ನಿಮಿಷಕ್ಕೆ 75 ಬಡಿತ ಇದ್ದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಹಿಂಡಲು ಸುಮಾರು 0.3, ತುಂಬಲು 0.5. ಓಡಿದಾಗ, ಏರು ಹತ್ತಿದಾಗ ಬಡಿತ 150 ಆದರೆ ತುಂಬುವ ಸಮಯ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಹಿಂಡುವ ಸಮಯ ಅಷ್ಟಾಗಿ ಕುಗ್ಗುವುದಿಲ್ಲ.

ಹೃದಯ ಸಡಿಲಾಗುವುದು ಅಂದರೆ ಸುಮ್ನೆ ವಿಶ್ರಾಂತಿ ಅಂತ ನಾನು ಅಂದುಕೊಂಡಿದ್ದೆ. ಅದು ತಪ್ಪು. ಸ್ನಾಯು ಬಿಗಿಯಲು ಅದರೊಳಗೆ ಬಿಡುಗಡೆಯಾದ ಕ್ಯಾಲ್ಸಿಯಂ ಅನ್ನು ಮತ್ತೆ ಅದರ ಜಾಗಕ್ಕೆ ಸೇರಿಸಲು ಶಕ್ತಿ ಬೇಕು. ಅದಾದ ಮೇಲೇ ಸ್ನಾಯು ಸಡಿಲಾಗುವುದು. ಒದ್ದೆ ಬಟ್ಟೆ ಹಿಂಡುವಾಗ ತಿರುಚುತ್ತೇವಲ್ಲ, ಹೃದಯವೂ ಹಿಂಡುವಾಗ ಸ್ವಲ್ಪ ಹಾಗೆ ತಿರುಚಿಕೊಳ್ಳುತ್ತದೆ. ಬಿಟ್ಟಾಗ ತಿರುಚು ಬಿಚ್ಚಿಕೊಂಡು, ಆ ಹೊತ್ತಿಗೆ ರಕ್ತವನ್ನು ಸ್ವಲ್ಪ ಎಳೆದುಕೊಳ್ಳುತ್ತದೆ. ಸ್ನಾಯುವಿನೊಳಗೆ ಟೈಟಿನ್ ಅನ್ನುವ ದೊಡ್ಡ ಪ್ರೋಟೀನ್ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಮನುಷ್ಯನ ಮೈಯಲ್ಲಿರುವ ಪ್ರೋಟೀನುಗಳಲ್ಲೇ ಅತಿ ದೊಡ್ಡದು ಅದು. ಈ ಸ್ಪ್ರಿಂಗು ಗಡುಸಾದರೆ, ನಾರಿನ ಅಂಶ ಸ್ನಾಯುವಿನ ನಡುವೆ ಜಾಸ್ತಿಯಾದರೆ, ಹಿಗ್ಗುವ ಗುಣ ಹೋಗುತ್ತದೆ.

ಹಿಗ್ಗುವುದಕ್ಕೂ ಹಿಂಡುವುದಕ್ಕೂ ನೇರ ಸಂಬಂಧ ಇದೆ ಅನ್ನುವುದು ನೂರು ವರ್ಷಕ್ಕೂ ಹಳೆಯ ಅರಿವು. 1895ರಲ್ಲಿ ಜರ್ಮನಿಯ ಒಟ್ಟೋ ಫ್ರಾಂಕ್ ಕಪ್ಪೆಯ ಹೃದಯದಲ್ಲಿ ಇದನ್ನು ಕಂಡರು. ಸುಮಾರು ಇಪ್ಪತ್ತು ವರ್ಷದ ನಂತರ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಹೃದಯದಲ್ಲಿ ತೋರಿಸಿದರು. ಒಂದು ಮಿತಿಯವರೆಗೆ, ಸ್ನಾಯು ಎಷ್ಟು ಹಿಗ್ಗುತ್ತದೋ ಮುಂದಿನ ಬಡಿತ ಅಷ್ಟು ಜೋರಾಗಿರುತ್ತದೆ. ರಬ್ಬರ್ ಬಿಲ್ಲನ್ನು ಜಾಸ್ತಿ ಎಳೆದಷ್ಟೂ ಕಲ್ಲು ದೂರ ಹೋಗುವ ಹಾಗೆ. ನಾವು ಏರು ಹತ್ತುವಾಗ ಕಾಲಿನ ಸ್ನಾಯುಗಳು ರಕ್ತವನ್ನು ಹೃದಯದ ಕಡೆ ಒತ್ತುತ್ತವೆ. ಮೆತ್ತಗಿನ ಹೃದಯ ಅದನ್ನು ತುಂಬಿಕೊಂಡು, ಇನ್ನೂ ಜೋರಾಗಿ ಹಿಂಡಿ ಮುಂದೆ ಕಳಿಸುತ್ತದೆ. ಬಿಗಿಯಾದ ಹೃದಯಕ್ಕೆ ಆ ಅವಕಾಶವೇ ಇಲ್ಲ. ದೊಡ್ಡಮ್ಮ ಕೂತಿದ್ದಾಗ ಏನೂ ಇಲ್ಲದವರ ಹಾಗೆ ಇದ್ದು, ಏರಿನಲ್ಲಿ ಮಾತ್ರ ನಿಲ್ಲುತ್ತಿದ್ದದ್ದು ಇದಕ್ಕೇ. ಎಕೋ ಮಾಡಿದ್ದೂ ಮಲಗಿಸಿಯೇ, ಅಲ್ವಾ?

ಮುಂದೆ ಹೋಗಲಾಗದ ರಕ್ತ ಎಲ್ಲಿ ನಿಲ್ಲುತ್ತದೆ? ಗದ್ದೆಯ ಮಡೆಗೆ ಮಣ್ಣು ಬಿದ್ದರೆ ಮೇಲಿನ ಗದ್ದೆಯಲ್ಲಿ ನೀರು ಏರುತ್ತದಲ್ಲ, ಹಾಗೆ ಹಿಂದಕ್ಕೆ ಏರುತ್ತದೆ. ಎಡಕೋಣೆಯ ಹಿಂದೆ ಇರುವುದು ಶ್ವಾಸಕೋಶ. ಅಲ್ಲಿನ ಸಣ್ಣ ರಕ್ತನಾಳಗಳಲ್ಲಿ ಒತ್ತಡ ಹತ್ತರಿಂದ ಇಪ್ಪತ್ತಕ್ಕೆ, ಇಪ್ಪತ್ತೈದಕ್ಕೆ ಏರಿದರೆ ನೀರಿನಂಶ ಹೊರಗೆ ಜಿನುಗತೊಡಗುತ್ತದೆ. ಇಪ್ಪತ್ತೈದು ಅಂದರೂ ಒಂದಡಿಗಿಂತ ಸ್ವಲ್ಪ ಜಾಸ್ತಿ ನೀರು ಅಷ್ಟೇ. ಅಷ್ಟಕ್ಕೇ ಮನುಷ್ಯನಿಗೆ ಉಸಿರು ಕಟ್ಟುತ್ತದೆ. ಹಗಲೆಲ್ಲ ಕಾಲಿನಲ್ಲಿ ನಿಂತಿದ್ದ ನೀರು ಮಲಗಿದಾಗ ಎದೆಯ ಕಡೆಗೆ ಬರುತ್ತದೆ. ದಿಂಬು ಒಂದರಿಂದ ಮೂರಾದದ್ದು ಅದಕ್ಕೆ.

ಹೃದಯ ಬಿಗಿಯಾಗುವುದು ಯಾಕೆ? ವಯಸ್ಸು, ಸಕ್ಕರೆ ಕಾಯಿಲೆ, ಬೊಜ್ಜು, ಕಿಡ್ನಿ ತೊಂದರೆ, ಎಲ್ಲವೂ ಸೇರುತ್ತವೆ. ಹೆಂಗಸರಲ್ಲಿ ಇದು ಜಾಸ್ತಿ. ಆದರೆ ದೊಡ್ಡ ಕಾರಣ ವರ್ಷಗಟ್ಟಲೆ ಹಿಡಿತಕ್ಕೆ ಬಾರದ ಬಿ.ಪಿ. ಎದುರಿನ ಒತ್ತಡ ಜಾಸ್ತಿಯಾದರೆ ಗೋಡೆಯ ಮೇಲಿನ ಎಳೆತ ಜಾಸ್ತಿಯಾಗುತ್ತದೆ. ಗೋಡೆ ದಪ್ಪಗಾದರೆ ಆ ಎಳೆತ ಹಂಚಿಹೋಗುತ್ತದೆ. ಹಾಗಾಗಿ ಹೃದಯ ತನ್ನನ್ನು ಕಾಪಾಡಿಕೊಳ್ಳಲು ಗೋಡೆಯನ್ನು ದಪ್ಪ ಮಾಡಿಕೊಳ್ಳುತ್ತದೆ. ಮೊದಮೊದಲು ಇದು ಉಪಕಾರ. ಹತ್ತು ಹದಿನೈದು ವರ್ಷ ಇದೇ ನಡೆದರೆ ಗೋಡೆ ದಪ್ಪ, ಒಳಗಿನ ಜಾಗ ಇಕ್ಕಟ್ಟು, ಹಿಗ್ಗುವ ಗುಣ ಕಡಿಮೆ.

ರಕ್ತನಾಳದ ಹಿಗ್ಗುವ ಗುಣವೂ ಇಷ್ಟೇ ಮುಖ್ಯ. ಮಳೆ ಶುರುವಾಗುವ ಮುಂಚೆ ಮೆಣಸಿಗೆ, ಕಾಫಿಗೆ ಬೋರ್ಡೋ ದ್ರಾವಣ ಹೊಡೆಯುವ ಕೈ ಸ್ಪ್ರೇಯರ್ ನೆನಪಿಸಿಕೊಳ್ಳಿ. ಸನ್ನೆ ಹಿಂದೆ ಮುಂದೆ ಆಡುತ್ತದೆ. ಆದರೆ ಲ್ಯಾನ್ಸಿನ ತುದಿಯಲ್ಲಿ ದ್ರಾವಣ ನಿಂತು ನಿಂತು ಬರುವುದಿಲ್ಲ, ಒಂದೇ ಸಮನೆ ಬರುತ್ತದೆ. ಕಾರಣ ಪಂಪಿನ ಪಕ್ಕದ ಪ್ರೆಶರ್ ಚೇಂಬರ್. ತಳ್ಳುವಾಗ ಅದರೊಳಗಿನ ಗಾಳಿ ಕುಗ್ಗಿ ಒತ್ತಡವನ್ನು ಹಿಡಿದಿಟ್ಟುಕೊಳ್ಳುತ್ತದೆ, ಸನ್ನೆ ಹಿಂದೆ ಬರುವಾಗ ಅದನ್ನು ಬಿಡುತ್ತದೆ. ಹೃದಯದಿಂದ ಹೊರಡುವ ಮಹಾಪಧಮನಿ ಮಾಡುವುದು ಇದೇ ಕೆಲಸವನ್ನು. ಹಿಂಡಿದಾಗ ಹಿಗ್ಗಿ ಸ್ವಲ್ಪ ರಕ್ತ ಹಿಡಿದಿಟ್ಟು, ಹೃದಯ ಸಡಿಲಾದಾಗ ಕುಗ್ಗಿ ಮುಂದೆ ತಳ್ಳುತ್ತದೆ. ಈ ಹೋಲಿಕೆ ನನ್ನದಲ್ಲ. 1733ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಆ ಕಾಲದ ಬೆಂಕಿ ಆರಿಸುವ ಯಂತ್ರದ ಗಾಳಿ ಕೋಣೆಗೆ ಇದನ್ನು ಹೋಲಿಸಿದ್ದರು. ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಸಿಕ್ಕಿಸಿ ಮೊದಲ ಬಾರಿಗೆ ರಕ್ತದೊತ್ತಡ ಅಳೆದವರೂ ಅವರೇ. ರಕ್ತ ಎಂಟು ಅಡಿಗಿಂತ ಮೇಲೆ ಏರಿತ್ತು.

ವಯಸ್ಸು ಮತ್ತು ಬಿ.ಪಿ.ಯಿಂದ ಮಹಾಪಧಮನಿ ಗಡುಸಾದರೆ ಚೇಂಬರ್ ಇಲ್ಲದ ಸ್ಪ್ರೇಯರ್ ಆಗುತ್ತದೆ. ಹಿಂಡಿದಾಗ ಒತ್ತಡ ಜಾಸ್ತಿ ಏರುತ್ತದೆ, ಬಿಟ್ಟಾಗ ಜಾಸ್ತಿ ಇಳಿಯುತ್ತದೆ. ವಯಸ್ಸಾದವರ ಬಿ.ಪಿ. 170/70 ಅಂತ ಬಂದರೆ "ಕೆಳಗಿನದು ಚೆನ್ನಾಗಿದೆ" ಅಂತ ಸಮಾಧಾನ ಪಡುವವರನ್ನು ನೋಡಿದ್ದೇನೆ. ಆ ಎರಡು ಅಂಕಿಗಳ ನಡುವಿನ ನೂರರ ಅಂತರವೇ ರಕ್ತನಾಳ ಗಡುಸಾಗಿದೆ ಅನ್ನುವ ಸೂಚನೆ. ಇನ್ನೊಂದು ವಿಷಯ. ಎಡಕೋಣೆಯ ಸ್ನಾಯುವಿಗೆ ರಕ್ತ ಮುಖ್ಯವಾಗಿ ಸಿಗುವುದು ಹೃದಯ ಸಡಿಲಾದಾಗ. ಆ ಹೊತ್ತಿನ ಒತ್ತಡ ತೀರಾ ಇಳಿದರೆ, ದಪ್ಪಗಾಗಿ ಜಾಸ್ತಿ ರಕ್ತ ಬೇಡುವ ಆ ಸ್ನಾಯುವಿಗೇ ಕೊರತೆ.

ದೊಡ್ಡ ಹೃದಯ ಎಲ್ಲವೂ ಕೆಟ್ಟದ್ದಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯನ್ನು ನೋಡಲು ಹೋದವರಿಗೆ ಗೊತ್ತು, ನಮ್ಮಲ್ಲಿ ಎಂಥ ಓಟಗಾರರಿದ್ದಾರೆ ಅಂತ. ವರ್ಷಗಟ್ಟಲೆ ಓಡಿದವರ ಹೃದಯವೂ ದೊಡ್ಡದಾಗುತ್ತದೆ. ಆದರೆ ಅಲ್ಲಿ ಒಳಗಿನ ಜಾಗವೂ ಹಿಗ್ಗುತ್ತದೆ, ಗೋಡೆ ಮೆತ್ತಗೇ ಉಳಿಯುತ್ತದೆ. ಕಡಿಮೆ ಒತ್ತಡದಲ್ಲೇ ಜಾಸ್ತಿ ತುಂಬಿಕೊಂಡು, ಕೂತಾಗ ನಿಮಿಷಕ್ಕೆ 50 ಬಡಿತದಲ್ಲೇ ಕೆಲಸ ಮುಗಿಸುತ್ತದೆ.

ಈಗ ಈ ವಿಷಯ ಯಾಕೆ ಎತ್ತಿದೆ ಅಂದರೆ, 2025ರ ಜೂನ್-ಜುಲೈಯಲ್ಲಿ ಪಕ್ಕದ ಹಾಸನದಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಿನಿಂದ ನಮ್ಮ ಕಡೆಯೂ ಎದೆಯ ಬಗ್ಗೆ ಭಯ ಹುಟ್ಟಿದೆ. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದೆವು. ಸರ್ಕಾರ ತಜ್ಞರ ಸಮಿತಿ ಮಾಡಿತು. ತಾಲ್ಲೂಕು ಮಟ್ಟದಲ್ಲಿ ಇ.ಸಿ.ಜಿ. ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಹೆಸರು ಮನೆಮನೆಗೆ ತಲುಪಿತು. ಇದೆಲ್ಲ ಒಳ್ಳೆಯದೇ. ಮಡಿಕೇರಿಯಿಂದ ಮೈಸೂರು 120 ಕಿಲೋಮೀಟರ್, ಘಟ್ಟ ಇಳಿದು ಮಂಗಳೂರು ಅದಕ್ಕಿಂತ ದೂರ. ನಮ್ಮಂಥ ಜಿಲ್ಲೆಗೆ ಆ ಇಂಜೆಕ್ಷನ್ ಅಂದರೆ ಜೀವ.

ಆದರೆ ಈ ಭಯವೆಲ್ಲ 'ಬ್ಲಾಕ್' ಅನ್ನುವ ಒಂದು ಪದದ ಸುತ್ತ ಇದೆ. ಇ.ಸಿ.ಜಿ. ಸರಿ ಇದೆ, ಬ್ಲಾಕ್ ಇಲ್ಲ, ಇ.ಎಫ್. ಅರವತ್ತರ ಮೇಲಿದೆ, ಹಾಗಾದರೆ ಹೃದಯ ಗಟ್ಟಿ ಅಂತ ಮನೆಗೆ ಬರುತ್ತೇವೆ. ಬಿಗಿಯಾದ ಹೃದಯ ಈ ಮೂರನ್ನೂ ದಾಟಿ ಬರಬಲ್ಲದು. ಹೃದಯ ವೈಫಲ್ಯ ಅಂದರೆ ಹೃದಯ ನಿಂತುಹೋಗುವುದಲ್ಲ, ಮೈಗೆ ಬೇಕಾದಷ್ಟು ರಕ್ತವನ್ನು ಒತ್ತಡ ಏರದೆ ಕಳಿಸಲಾಗದ ಸ್ಥಿತಿ. ಪ್ರಪಂಚದಲ್ಲಿ ಅದು ಇರುವವರಲ್ಲಿ ಸುಮಾರು ಅರ್ಧ ಜನರ ಇ.ಎಫ್. ಸರಿಯಾಗಿಯೇ ಇರುತ್ತದೆ. ಇದನ್ನು ನಮ್ಮ ಊರಿನ ಆರೋಗ್ಯ ಶಿಬಿರಗಳಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ಗಾಬರಿಯನ್ನೂ ಹುಟ್ಟಿಸಬಾರದು. ಅರವತ್ತು ದಾಟಿದ ಬಹಳ ಜನರ ಎಕೋ ವರದಿಯಲ್ಲಿ ಡಯಾಸ್ಟಾಲಿಕ್ ಡಿಸ್‌ಫಂಕ್ಷನ್ 'ಗ್ರೇಡ್ 1' ಅಂತ, ಅಂದರೆ ಇದೇ ತೊಂದರೆಯ ಮೊದಲ ಹಂತ ಅಂತ, ಇರುತ್ತದೆ. ಉಸಿರಿನ ತೊಂದರೆ, ಕಾಲು ಊತ ಇಲ್ಲದಿದ್ದರೆ ಅದೊಂದರಿಂದ ಹೃದಯ ವೈಫಲ್ಯ ಅನ್ನಲಾಗದು. ಬಿ.ಪಿ. ಮತ್ತು ಸಕ್ಕರೆಯನ್ನು ಸರಿಯಾಗಿ ನೋಡಿಸಿಕೊಳ್ಳಲು ಅದೊಂದು ಕಾರಣ ಅಂತ ತಿಳಿದರೆ ಸಾಕು. ಏದುಸಿರು ಇದ್ದು ಎಕೋದಲ್ಲಿ ಸ್ಪಷ್ಟವಾಗದಿದ್ದರೆ ಎನ್‌ಟಿ-ಪ್ರೊಬಿಎನ್‌ಪಿ ಅನ್ನುವ ರಕ್ತಪರೀಕ್ಷೆ ನೆರವಾಗುತ್ತದೆ. ಹೃದಯದ ಗೋಡೆಯ ಮೇಲೆ ಎಳೆತ ಜಾಸ್ತಿಯಾದಾಗ ಬಿಡುಗಡೆಯಾಗುವ ವಸ್ತು ಅದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐ.ಸಿ.ಎಂ.ಆರ್.) 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ವಯಸ್ಕರಲ್ಲಿ 35.5% ಜನರಿಗೆ ಬಿ.ಪಿ. ಜಾಸ್ತಿ ಇತ್ತು. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ನಮ್ಮ ಊರಿನ ಬದುಕಿನಲ್ಲಿ ಬಿ.ಪಿ. ಏರಿಸುವ ಸಂಗತಿಗಳು ಇನ್ನೂ ಇವೆ. ಚಳಿಗೆ ರಕ್ತನಾಳ ಸಂಕುಚಿಸುತ್ತದೆ, ಬಿ.ಪಿ. ಏರುತ್ತದೆ. ನಮ್ಮ ಮಳೆಗಾಲ ಅಂದರೆ ತಿಂಗಳುಗಟ್ಟಲೆ ಥಂಡಿ. ಅದೇ ಹೊತ್ತಿಗೆ ಊಟದಲ್ಲಿ ಒಣ ಮೀನು, ಉಪ್ಪಿನಕಾಯಿ ಜಾಸ್ತಿ. ದಿನಕ್ಕೆ ಐದು ಗ್ರಾಂ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ, ಇಡೀ ದಿನಕ್ಕೆ. ಹಂದಿ ಕರಿಯನ್ನು ಬಿಡಿ ಅಂತ ನಾನು ಯಾರಿಗೂ ಹೇಳಲಾರೆ. ನಮ್ಮ ಕಡೆಯ ಹಣ್ಣಿನ ಹುಳಿರಸ ಕಾಚಂಪುಳಿ ಇರುವಾಗ ಉಪ್ಪನ್ನು ಸ್ವಲ್ಪ ಕಡಿಮೆ ಮಾಡಿದರೂ ರುಚಿ ಕೆಡುವುದಿಲ್ಲ, ನಮ್ಮ ಮನೆಯಲ್ಲಿ ಮಾಡಿ ನೋಡಿದ್ದೇವೆ. ದಿನವೂ ಮದ್ಯ ಕುಡಿಯುವ ಅಭ್ಯಾಸ ಬಿ.ಪಿ.ಯನ್ನು ಏರಿಸುತ್ತದೆ. ಇದನ್ನು ನಮ್ಮಲ್ಲಿ ನೇರವಾಗಿ ಹೇಳಲು ಸಂಕೋಚ ಪಡುತ್ತೇವೆ, ಪಡಬಾರದು.

ಎಲ್ಲಕ್ಕಿಂತ ನನಗೆ ಕಾಡುವುದು ಮಂಡಿನೋವಿನ ಮಾತ್ರೆ. ಏರುತಗ್ಗಿನಲ್ಲಿ ಬದುಕಿದವರಿಗೆ ಮಂಡಿ ನೋಯುತ್ತದೆ. ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೇನ್ ಚೀಟಿ ಇಲ್ಲದೆ ಸಿಗುತ್ತದೆ. ಈ ಮಾತ್ರೆಗಳು ಮೈಯಲ್ಲಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತವೆ, ಬಿ.ಪಿ. ಏರಿಸುತ್ತವೆ. ಬಿಗಿಯಾದ ಹೃದಯಕ್ಕೆ ಒಂದೆರಡು ಲೋಟ ನೀರು ಜಾಸ್ತಿಯಾದರೂ ಒತ್ತಡ ಏರಿಬಿಡುತ್ತದೆ. ದೊಡ್ಡಮ್ಮ ಆ ಮಳೆಗಾಲದಲ್ಲಿ ಮೂರು ವಾರ ದಿನಕ್ಕೆ ಎರಡು ನುಂಗಿದ್ದರು. ನಾವೇ ತಂದುಕೊಟ್ಟಿದ್ದೆವು.

"ಎಂಬತ್ತಾಯ್ತು, ಇನ್ನು ಬಿ.ಪಿ. ಮಾತ್ರೆ ಯಾಕೆ?" ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ. 2008ರಲ್ಲಿ ಪ್ರಕಟವಾದ ಹೈವೆಟ್ ಅನ್ನುವ ಅಧ್ಯಯನ ಎಂಬತ್ತು ದಾಟಿದವರ ಮೇಲೇ ನಡೆದದ್ದು. ಬಿ.ಪಿ.ಗೆ ಮಾತ್ರೆ ಕೊಟ್ಟವರಲ್ಲಿ ಹೃದಯ ವೈಫಲ್ಯ 64% ಕಡಿಮೆಯಾಯಿತು. ಸಾವೂ 21% ಕಡಿಮೆಯಾಯಿತು. ತಡವಾಯಿತು ಅನ್ನುವ ಮಾತು ಬಿ.ಪಿ.ಗೆ ಹೊಂದುವುದಿಲ್ಲ.

ನಡಿಗೆಗೆ ಮಾತ್ರ ವಯಸ್ಸಿನ ಲೆಕ್ಕ ಇದೆ. ಅಮೆರಿಕದ ಡಲ್ಲಾಸ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೂತೇ ಕೆಲಸ ಮಾಡುತ್ತಿದ್ದ 45ರಿಂದ 64 ವರ್ಷದವರು ಎರಡು ವರ್ಷ, ವಾರಕ್ಕೆ ನಾಲ್ಕೈದು ದಿನ ವ್ಯಾಯಾಮ ಮಾಡಿದರು. ಅವರ ಹೃದಯದ ಬಿಗಿತ ಕಡಿಮೆಯಾಯಿತು. ಅದೇ ತಂಡ ಮೊದಲು 65 ದಾಟಿದವರಲ್ಲಿ ಒಂದು ವರ್ಷ ಪ್ರಯತ್ನಿಸಿದಾಗ ಬಿಗಿತ ಬದಲಾಗಿರಲಿಲ್ಲ. ಅವರಿಗೂ ಸುಸ್ತು ಕಡಿಮೆಯಾಗುವಂಥ ಬೇರೆ ಲಾಭಗಳಿದ್ದವು. ನಮ್ಮ ಅಜ್ಜಂದಿರು ತೋಟವನ್ನು ನಡೆದೇ ಸುತ್ತುತ್ತಿದ್ದರು. ನನ್ನ ವಯಸ್ಸಿನವರು ಜೀಪಿನಲ್ಲಿ ಸುತ್ತುತ್ತೇವೆ. ಐವತ್ತರೊಳಗೆ ಇಳಿದು ನಡೆಯಬೇಕು ಅಂತ ನನಗೆ ಈಗ ಅರ್ಥವಾಗಿದೆ. ತೋಟದ ಕೆಲಸದವರ ಕಷ್ಟ ಬೇರೆ. ಅವರು ದಿನವಿಡೀ ನಡೆಯುತ್ತಾರೆ, ಆದರೆ ಬಿ.ಪಿ. ನೋಡಿಸಲು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಅವರು ವಾಸಿಸುವ ಲೈನ್ ಮನೆಗೇ ಬಿ.ಪಿ. ಮಿಷನ್ ಹೋಗಬೇಕು. ತಿಂಗಳಿಗೊಮ್ಮೆ ಅದನ್ನು ಏರ್ಪಡಿಸುವುದು ತೋಟದ ಮಾಲೀಕರಿಗೆ ದೊಡ್ಡ ಖರ್ಚಲ್ಲ.

ಬಿ.ಪಿ. ನೋಡುವಾಗ ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಐದು ನಿಮಿಷ ಬೆನ್ನು ಒರಗಿಸಿ ಕೂತಿರಬೇಕು. ತೋಳು ಎದೆಯ ಮಟ್ಟಕ್ಕೆ ಇರಬೇಕು. ಆಸ್ಪತ್ರೆಯ ಏರು ಹತ್ತಿ ಬಂದ ಕೂಡಲೇ ನೋಡಿದರೆ ಅದು ಏರಿನ ಬಿ.ಪಿ.

ಚಿಕಿತ್ಸೆಯಲ್ಲಿ ಬಹಳ ವರ್ಷ ಡಾಕ್ಟರುಗಳ ಕೈ ಕಟ್ಟಿಹಾಕಿದ ಹಾಗಿತ್ತು. ಹಿಂಡುವ ಶಕ್ತಿ ಕುಂದಿದ ಹೃದಯಕ್ಕೆ ಇದ್ದಷ್ಟು ಔಷಧಿ ಇದಕ್ಕೆ ಇರಲಿಲ್ಲ. 2021ರಲ್ಲಿ ಎಂಪಾಗ್ಲಿಫ್ಲೋಜಿನ್, 2022ರಲ್ಲಿ ಡಾಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆಗೆ ಬಂದ ಈ ಎರಡು ಮಾತ್ರೆಗಳು ಇಂಥವರು ಮತ್ತೆ ಮತ್ತೆ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತವೆ ಅಂತ ದೊಡ್ಡ ಅಧ್ಯಯನಗಳು ತೋರಿಸಿದವು. ಸಕ್ಕರೆ ಇಲ್ಲದವರಿಗೂ ಉಪಯೋಗ ಕಂಡಿತು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ನಮ್ಮ ದೇಶದಲ್ಲಿ ಬೆಲೆ ತುಂಬಾ ಇಳಿಯಿತು. ಮೈಯಲ್ಲಿ ನಿಂತ ನೀರು ಇಳಿಸಲು ಮೂತ್ರದ ಮಾತ್ರೆ ಇದೆ. ಅದನ್ನು ಮಾತ್ರ ತಾವಾಗಿಯೇ ಹೆಚ್ಚು ಕಡಿಮೆ ಮಾಡಿಕೊಳ್ಳಬಾರದು. ಬಿಗಿಯಾದ ಹೃದಯಕ್ಕೆ ನೀರು ಜಾಸ್ತಿಯಾದರೆ ಶ್ವಾಸಕೋಶಕ್ಕೆ ತೊಂದರೆ, ತೀರಾ ಕಡಿಮೆಯಾದರೆ ಕೋಣೆ ತುಂಬದೆ ತಲೆ ಸುತ್ತಿ ಬೀಳುತ್ತಾರೆ. ನಡುವಿನ ದಾರಿ ಕಿರಿದು. ನಾಡಿ ಅಡ್ಡಾದಿಡ್ಡಿ ಓಡಿದರೂ ತಕ್ಷಣ ತೋರಿಸಬೇಕು. ಮೇಲಿನ ಕೋಣೆ ಕೊನೆಗೆ ಒಂದು ಸಲ ಒತ್ತಿ ಕೊಡುವ ರಕ್ತ, ಒಟ್ಟು ತುಂಬುವುದರಲ್ಲಿ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಹುದು. ಬಿಗಿಯಾದ ಹೃದಯ ಅದನ್ನೇ ನಂಬಿಕೊಂಡಿರುತ್ತದೆ. ನಾಡಿ ತಪ್ಪಿದರೆ ಆ ಒತ್ತು ನಿಂತುಹೋಗುತ್ತದೆ.

ದೊಡ್ಡಮ್ಮನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಈಗ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಅಂಕಿ ಇರುತ್ತದೆ. ಬೆಳಿಗ್ಗೆ ಎದ್ದು, ಕಾಫಿಗೆ ಮುಂಚೆ ನೋಡಿದ ತೂಕ, ಮೈಯಲ್ಲಿ ನೀರು ನಿಂತರೆ ಬೇಗ ತಿಳಿಯಲಿ ಅಂತ. ಹೋದ ತಿಂಗಳು ಒಂದು ಮದುವೆ ಮುಗಿಸಿ ಬಂದ ಮೇಲೆ ಮೂರು ದಿನದಲ್ಲಿ 58 ಇದ್ದದ್ದು 60 ಆಯಿತು. ಕಾಲು ಇನ್ನೂ ಊದಿರಲಿಲ್ಲ, ಉಸಿರೂ ಸರಿಯಾಗಿತ್ತು. ಅವರೇ ಡಾಕ್ಟರಿಗೆ ಫೋನ್ ಮಾಡಿ "ಎರಡು ಕೆ.ಜಿ. ಏರಿದೆ ಡಾಕ್ಟ್ರೇ, ಮದುವೆ ಊಟ ಜಾಸ್ತಿ ಆಯ್ತು" ಅಂದರು. ಡಾಕ್ಟರ್ ಮೂರು ದಿನ ಮಾತ್ರೆ ಬದಲಿಸಿಕೊಟ್ಟರು. ನಾಲ್ಕನೇ ದಿನ ಕ್ಯಾಲೆಂಡರಿನಲ್ಲಿ 58.